1982ರ ಲಫೀತ್ ಎಂದು ನಂಬಿ ಕೊಂಡ ಬಾಟಲಿ: ಹಳೆಯ ವೈನ್ ಕೊಳ್ಳುವವರು ದಯವಿಟ್ಟು ಓದಿ

ಹಳೆಯ ಫ್ರೆಂಚ್ ವೈನನ್ನು ಅಪರಿಚಿತ ವ್ಯಕ್ತಿಯಿಂದ ಕೊಳ್ಳುವ ಯೋಚನೆ ನಿಮಗಿದ್ದರೆ, ಹಣ ಕೊಡುವ ಮೊದಲು ಇದನ್ನು ಓದಿ. ನಾನು 1,900 ಯೂರೋ ಕಳೆದುಕೊಂಡೆ. ಅದರ ಜೊತೆಗೆ ನನ್ನ ಪತಿಯ ನಲವತ್ತನೆಯ ಹುಟ್ಟುಹಬ್ಬದ ಸಂಜೆಯೂ ಹಾಳಾಯಿತು. ಆ ಸಿಟ್ಟು ಇನ್ನೂ ಆರಿಲ್ಲ.

ನಾವು ಇರುವುದು ಫ್ರಾನ್ಸಿನ ಟುಲೂಸ್‌ನಲ್ಲಿ. ವೈನಿಗೆ ಹೆಸರಾದ ಬೋರ್ಡೋ ಇಲ್ಲಿಂದ ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ. ಪತಿ ಹುಟ್ಟಿದ್ದು 1982ರಲ್ಲಿ. ಬೋರ್ಡೋದ ದ್ರಾಕ್ಷಿಗೆ ಅದು ಬಂಗಾರದಂಥ ವರ್ಷ. ಪೊಯಾಕ್ ಊರಿನ ಶಾತೋ ಲಫೀತ್ ರಾತ್‌ಶೀಲ್ಡ್ ಎಸ್ಟೇಟಿನ ಆ ವರ್ಷದ ಕೆಂಪು ವೈನ್ ಸಂಗ್ರಾಹಕರ ಕನಸು. 1855ರಲ್ಲಿ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ಬೋರ್ಡೋ ವೈನ್‌ಗಳಿಗೆ ದರ್ಜೆ ಗೊತ್ತುಮಾಡಿದಾಗ ಮೊದಲ ದರ್ಜೆ ಪಡೆದ ನಾಲ್ಕು ಎಸ್ಟೇಟುಗಳಲ್ಲಿ ಇದೂ ಒಂದು. ವಂಚಕರ ಕಣ್ಣು ಈ ಹೆಸರಿನ ಮೇಲೆ ಬೀಳುವುದೂ ಅದಕ್ಕಾಗಿಯೇ.

ಜಾಹೀರಾತು ಸಿಕ್ಕಿದ್ದು ಅಂತರ್ಜಾಲದಲ್ಲಿ. ತಾತನ ನೆಲಮಾಳಿಗೆಯಲ್ಲಿ ಸಿಕ್ಕಿದ ಒಂದೇ ಬಾಟಲಿ, ಮನೆ ಖಾಲಿ ಮಾಡುತ್ತಿದ್ದೇವೆ ಎಂದು ಬರೆದಿತ್ತು. ಹರಾಜಿನಲ್ಲಿ ಇದರ ಬೆಲೆ ಬಹಳ ಹೆಚ್ಚು ಎಂಬುದು ನನಗೆ ಗೊತ್ತಿತ್ತು. ಆ ವ್ಯತ್ಯಾಸವನ್ನು ಕಂಡಾಗಲೇ ನಾನು ಹಿಂದೆ ಸರಿಯಬೇಕಿತ್ತು. ಚಿತ್ರದಲ್ಲಿ ಲೇಬಲ್ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಬಾಟಲಿಯ ಕುತ್ತಿಗೆ ಚೌಕಟ್ಟಿನಿಂದ ಹೊರಗಿತ್ತು. ಹೆದ್ದಾರಿಯ ವಿಶ್ರಾಂತಿ ತಾಣದಲ್ಲಿ, ಕತ್ತಲಾಗುವ ಹೊತ್ತಿಗೆ, ಮೊಬೈಲ್ ಬೆಳಕಿನಲ್ಲಿ ಲೇಬಲ್ ನೋಡಿ ನಗದು ಎಣಿಸಿಕೊಟ್ಟೆ. ರಸೀದಿ ಕೇಳಲಿಲ್ಲ. ತಾತನ ವಿಷಯ ಹೇಳುವಾಗ ಆ ಮನುಷ್ಯನ ದನಿ ಭಾರವಾಗಿತ್ತು, ಕಾಗದ ಕೇಳಲು ನನಗೆ ಸಂಕೋಚವಾಯಿತು.

ಹುಟ್ಟುಹಬ್ಬದ ದಿನ ಮೊದಲು ಅನುಮಾನಪಟ್ಟವರು ಹಾಸನದಿಂದ ಬಂದಿದ್ದ ನಮ್ಮ ಅತ್ತೆ. ಅವರು ವೈನ್ ಮುಟ್ಟುವವರಲ್ಲ. ಮೇಜಿನ ಮೇಲಿನ ಬಾಟಲಿಯನ್ನು ನೋಡಿ, "ಇಷ್ಟೊಂದು ಇಳಿದಿದೆಯಲ್ಲಮ್ಮಾ, ಯಾರಾದರೂ ತೆರೆದಿದ್ದರೇ?" ಎಂದರು. ಉಪ್ಪಿನಕಾಯಿ ಭರಣಿಯಲ್ಲಿ ಎಣ್ಣೆ ಹೋಳಿನಿಂದ ಕೆಳಗಿಳಿದರೆ ಗಾಳಿ ಹೊಕ್ಕಿದೆ ಎಂದು ತಿಳಿಯುವ ಕಣ್ಣು ಅವರದು. ವೈನಿಗೂ ಅದೇ ಲೆಕ್ಕ. ಬೋರ್ಡೋ ಬಾಟಲಿಗೆ ಎದ್ದು ಕಾಣುವ ಭುಜವಿರುತ್ತದೆ. ಚೆನ್ನಾಗಿ ಕಾಪಾಡಿದ ನಲವತ್ತು ವರ್ಷದ ಬಾಟಲಿಯಲ್ಲಿ ವೈನ್ ಕುತ್ತಿಗೆಯ ಬುಡದಲ್ಲೋ ಭುಜದ ಮೇಲ್ತುದಿಯಲ್ಲೋ ನಿಂತಿರುತ್ತದೆ. ನಮ್ಮದು ಭುಜದ ನಡುವಿಗೆ ಇಳಿದಿತ್ತು. ಫ್ರೆಂಚರು ಇದನ್ನು 'ಮಿ-ಎಪೋಲ್' ಎನ್ನುತ್ತಾರೆ. ಆ ಪದ ಕಂಡರೆ, ಅಥವಾ ಮಟ್ಟ ಕಾಣುವ ಚಿತ್ರವೇ ಇಲ್ಲದಿದ್ದರೆ, ಮುಂದುವರಿಯಬೇಡಿ. ಹಾಗೆಯೇ ಇಷ್ಟು ಹಳೆಯ ಬಾಟಲಿ ಹೊಸದರಂತೆ ತುಂಬಿದ್ದರೂ ಕಾರಣ ಕೇಳಿ. ಎಸ್ಟೇಟಿನವರೇ ಕಾರ್ಕ್ ಬದಲಿಸಿ ತುಂಬಿಸಿದ್ದರೆ ಅದಕ್ಕೆ ದಾಖಲೆ ಇರಬೇಕು.

ಪತಿ ಬಾಯಿಯ ಮೇಲಿನ ಲೋಹದ ಹೊದಿಕೆಯನ್ನು ಕತ್ತರಿಸಿದರು. ಚಾಕೊಲೇಟ್ ಸುತ್ತುವ ಹಾಳೆಯಂತೆ ಚರಚರ ಹರಿಯಿತು. ಎಂಬತ್ತರ ದಶಕದಲ್ಲಿ ಇಂಥ ಬಾಟಲಿಗಳಿಗೆ ಸೀಸದ ಹೊದಿಕೆ ಹಾಕುತ್ತಿದ್ದರು. ಅದು ದಪ್ಪ, ಮೆತ್ತಗೆ, ಕೈಗೆ ತೂಕ ಸಿಗುವಂಥದ್ದು. ನನಗೆ ಆಗ ಅದು ತಿಳಿದಿರಲಿಲ್ಲ, ಹೊದಿಕೆಯನ್ನು ಕಸದ ಬುಟ್ಟಿಗೆ ಹಾಕಿದೆ. ಆಮೇಲೆ ಕಾರ್ಕ್ ಹೊರಬಂತು. ಅದರ ಮೇಲೆ ಎಸ್ಟೇಟಿನ ಹೆಸರಿತ್ತು, ವರ್ಷದ ಜಾಗದಲ್ಲಿ 198 ಎಂದಿತ್ತು. ಕೊನೆಯ ಅಂಕಿಯನ್ನು ಯಾರೋ ನಯವಾಗಿ ಕೆರೆದು ತೆಗೆದಿದ್ದರು. ಅಲ್ಲಿ ಬೆರಳಾಡಿಸಿದಾಗ ಸಣ್ಣ ತಗ್ಗು ಸಿಕ್ಕಿತು. ಮೇಜಿನ ಸುತ್ತ ಯಾರೂ ಮಾತನಾಡಲಿಲ್ಲ.

ಆದರೂ ಸುರಿದು ನೋಡಿದೆವು. ಬಣ್ಣ ಇಟ್ಟಿಗೆಗೆ ತಿರುಗಿತ್ತು, ಅದು ಸಹಜ. ರುಚಿ ಮಾತ್ರ ನೀರು ಹೆಚ್ಚಾದ ಹುಣಸೆ ರಸದಂತೆ ತೆಳು, ಹುಳಿ. ಬೋರ್ಡೋದ ವೈನ್ ಹರಾಜುಗಳಿಗೆ ಬಾಟಲಿ ಪರೀಕ್ಷಿಸುವ ಒಬ್ಬರಿಗೆ ಕಾರ್ಕನ್ನು ತೋರಿಸಿದಾಗ ಅವರು ತಲೆಯಾಡಿಸಿದರು. ಅದೇ ಎಸ್ಟೇಟಿನ ದುರ್ಬಲ ವರ್ಷದ ಬಾಟಲಿಯನ್ನು ಕಡಿಮೆ ಬೆಲೆಗೆ ಕೊಂಡು, ದುಬಾರಿ ವರ್ಷದ ಲೇಬಲ್ ಅಂಟಿಸುವುದು ಹಳೆಯ ತಂತ್ರವಂತೆ. 1984 ಇರಬಹುದು ಎಂಬುದು ಅವರ ಊಹೆ. ಆ ವರ್ಷ ಮೆರ್ಲೋ ಎಂಬ ಜಾತಿಯ ದ್ರಾಕ್ಷಿ ಬಳ್ಳಿಗಳಲ್ಲಿ ಹೂವು ಕಾಯಾಗದೆ ಉದುರಿ, ವೈನ್ ಬಡವಾಗಿತ್ತು. ಗಾಜು ಅಸಲಿ, ಕಾರ್ಕ್ ಅಸಲಿ, ವರ್ಷ ಸುಳ್ಳು.

ದೊಡ್ಡ ಸಂಗ್ರಾಹಕರೂ ಮೋಸಹೋಗಿದ್ದಾರೆ ಎಂದು ಹಲವರು ಸಮಾಧಾನ ಹೇಳಿದರು. ನಿಜ. ನಕಲಿ ವೈನ್ ಮಾರಿದ್ದಕ್ಕೆ ರೂಡಿ ಕುರ್ನಿಯವಾನ್‌ಗೆ ನ್ಯೂಯಾರ್ಕ್ ನ್ಯಾಯಾಲಯ 2014ರಲ್ಲಿ 10 ವರ್ಷ ಸೆರೆವಾಸ ವಿಧಿಸಿತು. ಅವನ ಕ್ಯಾಲಿಫೋರ್ನಿಯಾದ ಮನೆಯಲ್ಲಿ ಲೇಬಲ್‌ಗಳ ರಾಶಿಯೇ ಸಿಕ್ಕಿತ್ತು. ಅವನ ಜಾಡು ಹಿಡಿದವರಲ್ಲಿ ಒಬ್ಬರು ಫ್ರಾನ್ಸಿನ ಬರ್ಗಂಡಿ ಪ್ರದೇಶದ ವೈನ್ ತಯಾರಕ ಲೋರಾಂ ಪೊನ್ಸೊ. ತಮ್ಮ ಮನೆತನ 1980ರ ದಶಕಕ್ಕೆ ಮೊದಲು ಮಾಡಿಯೇ ಇರದ ಕ್ಲೊ ಸ್ಯಾಂ-ದನಿ ವೈನ್ 1945ರ ಹೆಸರಿನಲ್ಲಿ 2008ರ ಹರಾಜಿಗೆ ಬಂದಾಗ, ಅವರು ಸ್ವತಃ ನ್ಯೂಯಾರ್ಕಿಗೆ ಹೋಗಿ ಮಾರಾಟ ನಿಲ್ಲಿಸಿದರು. ನನ್ನ ಪರವಾಗಿ ಹಾಗೆ ಓಡಿಬರುವವರು ಯಾರೂ ಇರಲಿಲ್ಲ. ನಾನೇ ಕೇಳಬೇಕಿತ್ತು: ತಾತ ಕೊಂಡ ಬಿಲ್ಲು ಎಲ್ಲಿದೆ? ಬಾಟಲಿ ಯಾವ ನೆಲಮಾಳಿಗೆಯಲ್ಲಿ, ಎಷ್ಟು ತಂಪಿನಲ್ಲಿತ್ತು? ಮಲಗಿಸಿ ಇಟ್ಟಿದ್ದರೇ?

ಪೊಲೀಸರಿಗೆ ದೂರು ಕೊಟ್ಟೆ. ಜಾಹೀರಾತು ಅಳಿಸಿಹೋಗಿತ್ತು, ದೂರವಾಣಿ ಸಂಖ್ಯೆ ಸತ್ತಿತ್ತು. ಫ್ರಾನ್ಸಿನಲ್ಲಿ 1,500 ಯೂರೋ ಮೀರಿದ ವ್ಯವಹಾರಕ್ಕೆ ಲಿಖಿತ ಪತ್ರ ಇರಬೇಕು. ಅದಿಲ್ಲದೆ ಹಣ ಕೊಟ್ಟಿದ್ದನ್ನು ಸಾಬೀತುಪಡಿಸುವುದೇ ಕಷ್ಟವಾಯಿತು. ನಿಮಗೆ ಬಾಟಲಿ ತೆರೆದ ಮೇಲೆ ಅನುಮಾನ ಬಂದರೆ ಹೊದಿಕೆ, ಕಾರ್ಕ್, ಉಳಿದ ವೈನ್ ಎಲ್ಲವನ್ನೂ ಎತ್ತಿಡಿ, ಅಲ್ಲೇ ಚಿತ್ರ ತೆಗೆಯಿರಿ.

ಬೆಂಗಳೂರಿನ ಗೆಳೆಯರು, ನೀವು ರಜೆಗೆ ಬರುವಾಗ ಒಂದು ಹಳೆಯ ಬೋರ್ಡೋ ತನ್ನಿ ಎಂದು ಆಗಾಗ ಕೇಳುತ್ತಾರೆ. ಬಿಲ್ಲು ಕೊಡುವ, ನಾಳೆಯೂ ಅದೇ ಬೀದಿಯಲ್ಲಿ ಇರುವ ಅಂಗಡಿಯಿಂದ ಮಾತ್ರ ತರುತ್ತೇನೆ, ಅದೂ ಇತ್ತೀಚಿನ ವರ್ಷದ್ದನ್ನು.

ನಡೆದದ್ದನ್ನು ಇಲ್ಲಿನ ಪರಿಚಯದವರಿಗೆಲ್ಲ ಹೇಳಿಕೊಂಡಿದ್ದೆ. ಕಳೆದ ತಿಂಗಳು ಯಾರೋ ಅಪರಿಚಿತರು ಸಂದೇಶ ಕಳಿಸಿ, ಲೇಬಲ್ ಹರಿಯದಿದ್ದರೆ ಆ ಖಾಲಿ ಬಾಟಲಿಯನ್ನು 150 ಯೂರೋಗೆ ಕೊಡುತ್ತೀರಾ ಎಂದು ಕೇಳಿದರು. ಅದರಲ್ಲಿ ಮತ್ತೆ ಏನು ತುಂಬುತ್ತಾರೆ ಎಂದು ನನಗೆ ಗೊತ್ತು. ದೂರಿನ ಕೆಲಸ ಮುಗಿದ ದಿನ ಅದನ್ನು ಸುತ್ತಿಗೆಯಿಂದ ಒಡೆದು ಗಾಜಿನ ತೊಟ್ಟಿಗೆ ಹಾಕುತ್ತೇನೆ.