14416ಕ್ಕೆ ಫೋನ್ ಮಾಡಿ ಕನ್ನಡ ಆರಿಸ್ಕೊಂಡೆ: ಟೆಲಿ-ಮಾನಸ್ ಬಗ್ಗೆ ನನ್ನ ಅನುಭವ

ನಾನು ಗದಗ ಕಡೆಯವ, ಪುಣೆಗೆ ಬಂದು 9 ವರ್ಷ ಆಯ್ತು, ವಾಕಡ್‌ನಲ್ಲಿ ಮನೆ, ಹಿಂಜವಡಿ ಫೇಸ್ 3ರಲ್ಲಿ ಆಫೀಸು, ಸಾಫ್ಟ್‌ವೇರ್ ಟೆಸ್ಟಿಂಗ್ ಟೀಮ್ ನೋಡ್ಕೋತೀನಿ. ಹೋಟೆಲ್ಲಿಗೆ, ಮೊಬೈಲಿಗೆ ಎಲ್ಲಾ ರಿವ್ಯೂ ಬರೀತೀವಿ, ಟೆಲಿ-ಮಾನಸ್ ಅನ್ನೋ ಈ ಮಾನಸಿಕ ಆರೋಗ್ಯದ ಸಹಾಯವಾಣಿಗೂ ಬರೀಬೇಕು ಅಂತ ಬಹಳ ದಿನದಿಂದ ಮನಸ್ಸಲ್ಲಿತ್ತು, ಯಾಕಂದ್ರೆ ಮಹಾರಾಷ್ಟ್ರದಲ್ಲಿ ಕೂತು ಕನ್ನಡದಲ್ಲಿ ಇಂಥಾ ಸಹಾಯ ಫ್ರೀ ಆಗಿ ಸಿಗುತ್ತೆ ಅಂತ ನನಗೇ ಗೊತ್ತಿರ್ಲಿಲ್ಲ.

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಟೀಮಲ್ಲಿ 11 ಜನ ಇದ್ದೋರು 6 ಜನ ಆದ್ವಿ, ಕೆಲಸ ಮಾತ್ರ ಮೊದಲಿನಷ್ಟೇ ಉಳೀತು. ಆಮೇಲೆ ಶುರುವಾಯ್ತು ನೋಡಿ. ರವಿವಾರ ಸಂಜೆ 4 ಆಯ್ತು ಅಂದ್ರೆ ಹೊಟ್ಟೆಯೊಳಗೆ ಏನೋ ಕಲಸಿದಂಗೆ, ಮಗಳು ಆಟಕ್ಕೆ ಕರೆದ್ರೂ ಮನಸ್ಸು ಸೋಮವಾರದ ಕಾಲ್ ಮೇಲೆ. ಲ್ಯಾಪ್‌ಟಾಪಲ್ಲಿ ಕಾಲ್ ಬರೋ ಆ ರಿಂಗ್ ಇದೆಯಲ್ಲ, ಅದು ಕೇಳಿದ್ರೆ ಎದೆ ಝಲ್ ಅನ್ನೋದು, ಪಕ್ಕದ ಫ್ಲ್ಯಾಟಲ್ಲಿ ಯಾರದೋ ಲ್ಯಾಪ್‌ಟಾಪ್ ರಿಂಗ್ ಆದ್ರೂ ಝಲ್ ಅನ್ನೋದು.

ಒಂದು ಸೋಮವಾರ ಆಫೀಸ್ ಬೇಸ್‌ಮೆಂಟಲ್ಲಿ ಗಾಡಿ ಸ್ಟ್ಯಾಂಡ್ ಹಾಕಿದೆ, ಇಳಿಯೋಕೆ ಆಗ್ಲಿಲ್ಲ. ಹೆಲ್ಮೆಟ್ ತಲೆ ಮೇಲೇ ಇದೆ, ಅದರೊಳಗೆ ನನ್ನ ಉಸಿರೇ ನನಗೆ ಜೋರಾಗಿ ಕೇಳ್ತಿದೆ, ಗ್ಲಾಸ್ ಮಂಜಾಗಿದೆ, ಕ್ಲಿಪ್ ಬಿಚ್ಚೋಣ ಅಂದ್ರೆ ಬೆರಳು ತಣ್ಣಗಾಗಿ ಹಿಡಿತಾನೇ ಸಿಗ್ತಿಲ್ಲ. ಹಾರ್ಟ್ ಅಟ್ಯಾಕೇ ಅಂದ್ಕೊಂಡೆ. ಸೆಕ್ಯೂರಿಟಿ ಕಾಕಾ ಬಂದು "ಕಾಯ್ ಝಾಲಂ ಸಾಹೇಬ್" (ಏನಾಯ್ತು ಸಾಹೇಬ್ರೆ) ಅಂತ ಕ್ಲಿಪ್ ಬಿಚ್ಚಿ ತಮ್ಮ ಬಾಟ್ಲಿ ನೀರು ಕುಡಿಸಿದ್ರು. ಅವರನ್ನ ಮರೆಯೋಕಾಗಲ್ಲ. ಆಸ್ಪತ್ರೆಗೆ ಹೋದ್ರೆ ಇಸಿಜಿ ನಾರ್ಮಲ್, ಥೈರಾಯ್ಡ್ ಕೂಡ ಚೆಕ್ ಮಾಡಿಸಿದ್ರು, ಅದೂ ನಾರ್ಮಲ್. ಈ ಟೆಸ್ಟ್ ಎಲ್ಲಾ ಸುಮ್ನೆ ಖರ್ಚು ಅಂತ ಬಿಡಬೇಡಿ, ಥೈರಾಯ್ಡ್ ಜಾಸ್ತಿ ಆದ್ರೂ ಹಿಂಗೇ ಎದೆ ಡವಡವ, ಕೈ ನಡುಕ ಬರುತ್ತೆ, ಎದೆ ನೋವು ಬಂದಾಗ ಬರೀ ಟೆನ್ಶನ್ ಅಂತ ನಾವೇ ತೀರ್ಮಾನ ಮಾಡ್ಕೋಬಾರ್ದು. ಅಲ್ಲೇ ಓಪಿಡಿ ಗೋಡೆ ಮೇಲೆ 14416 ಅನ್ನೋ ಬೋರ್ಡ್ ನೋಡಿದ್ದು.

ಅದಕ್ಕೂ ಮುಂಚೆ ಒಂದು ಆ್ಯಪಲ್ಲಿ ದುಡ್ಡು ಕೊಟ್ಟು ಮೂರು ಸಲ ಮಾತಾಡಿದ್ದೆ, ಹೆಸರು ಬೇಡ. ಆ ಹುಡುಗಿ ಒಳ್ಳೆಯವಳೇ, ಆದ್ರೆ ಎಲ್ಲಾ ಇಂಗ್ಲಿಷಲ್ಲಿ. ನಾನು ದಿನಾ ಕ್ಲೈಂಟಿಗೆ ಸ್ಟೇಟಸ್ ಹೇಳಿದಂಗೇ ಅವಳಿಗೂ ಹೇಳ್ತಿದ್ದೆ, ನಿದ್ದೆ ಇಷ್ಟು ಗಂಟೆ, ಸ್ಟ್ರೆಸ್ ಹತ್ತಕ್ಕೆ ಏಳು, ಮ್ಯಾನೇಜ್ ಮಾಡ್ತಿದ್ದೀನಿ. ಅರ್ಧ ಗಂಟೆ ಮುಗಿಯೋದು, ಎದೆ ಮೇಲಿನ ಕಲ್ಲು ಅಲ್ಲೇ ಇರೋದು.

14416ಕ್ಕೆ ಒಂದು ಶನಿವಾರ ಸಂಜೆ ಟೆರೇಸ್ ಮೇಲೆ ನೀರಿನ ಟ್ಯಾಂಕ್ ಹಿಂದೆ ನಿಂತು ಫೋನ್ ಮಾಡಿದೆ, ಮನೇಲಿ ಮಾತಾಡಿದ್ರೆ ಎಲ್ಲರಿಗೂ ಕೇಳುತ್ತೆ ಅಂತ. ಭಾಷೆ ಕೇಳಿದಾಗ ಕನ್ನಡ ಆರಿಸ್ಕೊಂಡೆ. ಒಬ್ಬ ಮೇಡಮ್ ಸಿಕ್ಕಿದ್ರು. ನಾನು ರೂಢಿ ಪ್ರಕಾರ "ಮೇಡಮ್, ವರ್ಕ್ ಸ್ಟ್ರೆಸ್ ಇದೆ, ಆಂಗ್ಸೈಟಿ ಥರ" ಅಂದೆ. ಅವರು "ಸ್ಟ್ರೆಸ್ ಅಂದ್ರೆ ನಿಮಗೆ ಹೇಗಾಗುತ್ತೆ, ನಿಮ್ಮ ಮಾತಲ್ಲೇ ಹೇಳಿ, ಅವಸರ ಇಲ್ಲ" ಅಂದ್ರು. ಸ್ವಲ್ಪ ಹೊತ್ತು ಇಬ್ಬರೂ ಸುಮ್ನೆ. ಆಮೇಲೆ ನನ್ನ ಬಾಯಿಂದ ಬಂದಿದ್ದು "ಹೆದರಿಕಿ ಆಗತೈತ್ರಿ ಮೇಡಮ್". ಅಷ್ಟು ಅಂದಿದ್ದೇ ತಡ ಅಳು ಬಂತು, 36 ವರ್ಷದ ಗಂಡಸು ಟ್ಯಾಂಕಿಗೆ ಒರಗಿ ಅತ್ತೆ. ಯಾತರ ಹೆದರಿಕೆ ಅಂತ ಕೇಳಿದ್ರು. ಇಂಗ್ಲಿಷಲ್ಲಿ ಇಷ್ಟು ದಿನ ಡೆಡ್‌ಲೈನ್, ಮ್ಯಾನೇಜರ್ ಅಂತಿದ್ದೆ, ಕನ್ನಡದಲ್ಲಿ ಹೊರಗೆ ಬಂದಿದ್ದು ಬೇರೆಯದೇ. ಅಪ್ಪ ಹೋದ ಮೇಲೆ ಮನೆಗೆ ನಾನೊಬ್ಬನೇ ಆಸರೆ, ತಂಗಿ ಮದುವೆ ಸಾಲ ಇನ್ನೂ ಇದೆ, ಕೆಲಸ ಹೋದ್ರೆ ಅವ್ವಗೆ ಯಾವ ಮುಖ ತೋರಿಸ್ಲಿ ಅನ್ನೋದು. ಅವ್ವ ಪ್ರತಿ ಫೋನಲ್ಲೂ "ತಮ್ಮಾ, ದನಿ ಯಾಕೋ ಸಣ್ಣಾಗೇತಲ್ಲ" ಅಂತಿದ್ಲು, ನೆಗಡಿ ಅಂತ ಸುಳ್ಳು ಹೇಳ್ತಿದ್ದೆ.

ಆ ಮೇಡಮ್ ಧೈರ್ಯ ತಗೊಳ್ಳಿ ಅಂತ ಭಾಷಣ ಮಾಡ್ಲಿಲ್ಲ, ಅದು ನನಗೆ ಬಹಳ ಹಿಡಿಸ್ತು. ಬೇಸ್‌ಮೆಂಟಲ್ಲಿ ಆಗಿದ್ದು ಏನು ಅಂತ ಬಿಡಿಸಿ ಹೇಳಿದ್ರು: ಅಪಾಯ ಇದೆ ಅಂತ ಮೆದುಳಿಗೆ ಅನ್ನಿಸಿದಾಗ ಅಡ್ರಿನಲಿನ್ ಬಿಡುಗಡೆ ಆಗಿ ಮೈ ಓಡೋಕೆ ರೆಡಿ ಆಗುತ್ತೆ, ಅದಕ್ಕೇ ಎದೆ ಬಡಿತ, ಅದಕ್ಕೇ ತಣ್ಣನೆ ಕೈ, ಇಂಥ ಅಲೆ ಸಾಮಾನ್ಯವಾಗಿ 10 ನಿಮಿಷದೊಳಗೆ ಏರಿ ಆಮೇಲೆ ಇಳಿಯುತ್ತೆ. ಉಸಿರು ಎಳ್ಕೊಳ್ಳೋದಕ್ಕಿಂತ ಬಿಡೋದು ಉದ್ದ ಇರ್ಲಿ, ಆಗ ಬಡಿತ ತಾನೇ ನಿಧಾನ ಆಗುತ್ತೆ ಅಂತ ಫೋನಲ್ಲೇ ನಾಲ್ಕೈದು ಸಲ ಮಾಡಿಸಿದ್ರು. ಇನ್ನೊಂದು, ಚಿಂತೆಗೆ ಅಂತಲೇ ದಿನಕ್ಕೆ 20 ನಿಮಿಷ ಇಟ್ಕೊಳ್ಳೋದು. ನಾನು ಸಂಜೆ ಆರೂವರೆಗೆ ಇಟ್ಟೆ. ಮಧ್ಯೆ ಚಿಂತೆ ಬಂದ್ರೆ "ಆರೂವರೆಗೆ ಬಾ" ಅಂತ ಮೊಬೈಲಲ್ಲಿ ಒಂದು ಪದ ಬರೆದಿಟ್ಟು ಮುಂದಕ್ಕೆ ಹೋಗೋದು, ಸಂಜೆ ಮಗಳ ಹಳೇ ನೋಟ್‌ಬುಕ್ಕಲ್ಲಿ ಒಂದು ಕಡೆ ಏನಾಗುತ್ತೆ ಅಂತ ಹೆದರ್ತಿದ್ದೀನಿ, ಪಕ್ಕದಲ್ಲಿ ಜಾಗ ಖಾಲಿ, ವಾರ ಆದ್ಮೇಲೆ ನಿಜವಾಗಿ ಏನಾಯ್ತು ಅಂತ ತುಂಬೋದು. "ಬಿಲ್ಡ್ ಫೇಲ್ ಆಗಿ ಎಲ್ಲರ ಮುಂದೆ ಬೈತಾರೆ" ಅಂತ ಬರೆದಿದ್ದೆ, ಪಕ್ಕದಲ್ಲಿ "ಫೇಲ್ ಆಯ್ತು, ಯಾರೂ ಏನೂ ಅನ್ಲಿಲ್ಲ, 2 ಗಂಟೇಲಿ ಸರಿ ಮಾಡಿದ್ವಿ" ಅಂತ ನನ್ನ ಕೈಯಿಂದಲೇ ಬರೆದಾಗ ಆದ ಸಮಾಧಾನ ಹೇಳೋಕೆ ಬರಲ್ಲ.

ಕಷ್ಟದ್ದು ಅಂದ್ರೆ ಮೇಲ್. ಹೆದರಿ 11ರ ತನಕ ಮೇಲ್ ತೆಗೀತಾನೇ ಇರ್ಲಿಲ್ಲ. ತಪ್ಪಿಸ್ಕೊಂಡಷ್ಟೂ ಹೆದರಿಕೆ ಬೆಳೆಯುತ್ತೆ, ಬೆಳಿಗ್ಗೆ ಬಂದ ಕೂಡ್ಲೇ ಒಂದೇ ಒಂದು ಮೇಲ್ ತೆಗೀರಿ, ಎದೆ ತಣ್ಣಗಾಗೋ ತನಕ ಮುಚ್ಚಬೇಡಿ ಅಂದ್ರು. ಮೊದಲ ವಾರ ಬೆವರು ಇಳೀತಿತ್ತು. ಮೂರನೇ ವಾರ ಇಳೀಲಿಲ್ಲ.

ಎರಡನೇ ಸಲ ಫೋನ್ ಮಾಡಿದ್ದು ಮ್ಯಾನೇಜರ್ ಜೊತೆ ಮಾತಾಡೋಕೆ ಮುಂಚೆ. ಆವತ್ತು ಸಿಕ್ಕವರು ಮೊದ್ಲು ಕನ್ನಡದಲ್ಲಿ ಹೇಳಿ ನೋಡಿ ಅಂದ್ರು, ಹೇಳಿದೆ: 6 ಜನ ಇದ್ದೀವಿ, ಇಷ್ಟು ಕೆಲಸ ಆಗುತ್ತೆ, ಇಷ್ಟು ಆಗಲ್ಲ. ಆಮೇಲೆ ಇಂಗ್ಲಿಷಿಗೆ ತಿರುಗಿಸೋದು ಸಲೀಸಾಯ್ತು. ಎರಡು ಮಾಡ್ಯೂಲ್ ಮುಂದಿನ ರಿಲೀಸಿಗೆ ಹೋದ್ವು. ಜನ ಮಾತ್ರ ವಾಪಸ್ ಬರ್ಲಿಲ್ಲ, ಅದು ಯಾವ ಹೆಲ್ಪ್‌ಲೈನ್ ಕೈಲೂ ಆಗೋದಲ್ಲ, ಕಂಪನಿಗಳೇ ಮಾಡಬೇಕು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟನ್ನ, ಅಂದ್ರೆ ಕೆಲಸದ ಒತ್ತಡಕ್ಕೆ ಪೂರ್ತಿ ಬಸವಳಿಯೋದನ್ನ, ಕಾಯಿಲೆ ಅನ್ನದೆ ಉದ್ಯೋಗಕ್ಕೆ ಸಂಬಂಧಪಟ್ಟ ವಿದ್ಯಮಾನ ಅಂತ ಪಟ್ಟಿ ಮಾಡಿದೆ, ಅದು ನನಗೆ ಸರಿ ಅನ್ಸುತ್ತೆ. ಆರು ಜನರ ಮೇಲೆ ಹನ್ನೊಂದು ಜನರ ಕೆಲಸ ಹೇರಿ, ಉಸಿರಾಟ ಕಲೀರಿ ಅಂದ್ರೆ ಹೇಗೆ?

ನಿದ್ದೆ ಮಾತ್ರ ಸರಿ ಆಗ್ಲಿಲ್ಲ, ಆವಾಗ ಸೈಕಿಯಾಟ್ರಿಸ್ಟ್ ನೋಡಿ ಅಂತ ಅವರೇ ಹೇಳಿದ್ರು, ಹೋದೆ. ಹೆದರಿಕೆ ಕಡಿಮೆ ಆಗೋಕೆ ಮಾತ್ರೆ ಶುರು ಮಾಡಿದ್ರು, ಇಂಥ ಮಾತ್ರೆ ಕೆಲಸ ಮಾಡೋಕೆ ಕೆಲವು ವಾರ ಬೇಕು, ನನಗೂ ಮೊದಲ ಎರಡು ವಾರ ಏನೂ ಅನ್ನಿಸ್ಲಿಲ್ಲ, ಡಾಕ್ಟರ್ ಕೇಳದೆ ನಿಲ್ಲಿಸಬಾರ್ದು. 5 ಕಪ್ ಚಹಾ 2ಕ್ಕೆ ಇಳಿಸಿದೆ, ಮಧ್ಯಾಹ್ನದ ಮೇಲೆ ಇಲ್ಲ.

ಗೊತ್ತಿಲ್ಲದೋರಿಗೆ: ಟೆಲಿ-ಮಾನಸ್ 2022ರ ಅಕ್ಟೋಬರ್ 10ಕ್ಕೆ ಶುರುವಾದ ಕೇಂದ್ರ ಸರ್ಕಾರದ ಸೇವೆ, ನಮ್ಮ ಬೆಂಗಳೂರಿನ ನಿಮ್ಹಾನ್ಸೇ ಇದಕ್ಕೆ ಮುಖ್ಯ ಕೇಂದ್ರ, 24 ಗಂಟೆ, 20 ಭಾಷೆ, ಪೂರ್ತಿ ಉಚಿತ. 1800-891-4416 ಕೂಡ ಇದರದ್ದೇ ನಂಬರ್. ಇದನ್ನ ವಾರವಾರ ಕೂತು ಮಾಡೋ ಥೆರಪಿ ಅಂದ್ಕೋಬೇಡಿ, ಇದು ಮೊದಲ ಬಾಗಿಲು, ಜಾಸ್ತಿ ಬೇಕಿದ್ರೆ ತಜ್ಞರ ಹತ್ರ ಕಳಿಸ್ತಾರೆ. ಜೀವ ತೆಗೆದುಕೊಳ್ಳೋ ಯೋಚನೆ ಬರ್ತಿದ್ರೆ ಸಂಜೆ ತನಕವೂ ಕಾಯ್ಬೇಡಿ, ಈಗಲೇ ಮಾಡಿ, ಮನೇಲಿ ಒಬ್ಬರಿಗಾದ್ರೂ ಹೇಳಿ.

ನನ್ನ ಕಡೆಯಿಂದ 5ಕ್ಕೆ 5. ಮೊನ್ನೆ ರವಿವಾರ ಅವ್ವ ಫೋನ್ ಮಾಡಿದಾಗ ನೆಗಡಿ ಅನ್ಲಿಲ್ಲ, ಎಲ್ಲಾ ಹೇಳಿದೆ, ಸಾಲದ್ದೂ, ಮಾತ್ರೆದ್ದೂ. ಬಹಳ ಹೊತ್ತು ಸುಮ್ನಿದ್ದು "ಮೊದಲೇ ಹೇಳಬೇಕಿಲ್ಲೇನೋ ತಮ್ಮಾ" ಅಂದ್ಲು, ಆಮೇಲೆ ಹಬ್ಬಕ್ಕೆ ಯಾವಾಗ ಬರ್ತಿ ಅಂತ ಕೇಳಿದ್ಲು.