ಎನ್‌ಕೋಡರ್ ಮತ್ತು ಎನ್17: ಎರಡೂವರೆ ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಎನ್‌ಕೋಡರ್‌ಗೆ ಐದಕ್ಕೆ ಮೂರೂವರೆ. ಅರ್ಧ ಅಂಕ ಕಳೆದದ್ದು ಚಂದಾ ದರಕ್ಕೆ. ಪೂರ್ತಿ ಒಂದು ಅಂಕ ಕಳೆದದ್ದು ಕಿಡ್ನಿಗೆ, ಅಂದರೆ ಕಿಡ್ನಿ ದಿಢೀರ್ ಕೈಕೊಡುವುದಕ್ಕಿರುವ ಎನ್17 ಕೋಡ್‌ಗೆ.

ಹುಬ್ಬಳ್ಳಿ ವಿದ್ಯಾನಗರದ ಮಹಡಿ ಕೋಣೆಯಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಚಾರ್ಟ್ ಓದೋದು ನನ್ನ ಕೆಲಸ. "ಕಂಪ್ಯೂಟರ್‌ದಾಗ ರೋಗಕ್ಕ ನಂಬರ್ ಹಚ್ಚತಾಳ" ಅಂತ ಓಣಿಯವರು ಹೇಳುತ್ತಾರೆ, ಅದರಲ್ಲಿ ಸುಳ್ಳೇನಿಲ್ಲ. ಸಂಜೆ ನಾಲ್ಕೈದು ಹುಡುಗರಿಗೆ ಈ ಮೆಡಿಕಲ್ ಕೋಡಿಂಗ್ ಹೇಳಿಕೊಡುತ್ತೇನೆ, ಎಲ್ಲರೂ ಫಾರ್ಮಸಿ, ನರ್ಸಿಂಗ್ ಮುಗಿಸಿದವರು. ಅವರಿಗೂ ಆಗಲಿ, ನನಗೂ ಆಗಲಿ ಅಂತ 2023ರಲ್ಲಿ ಸ್ವಂತ ದುಡ್ಡಿನಲ್ಲಿ ಒಂದು ಎನ್‌ಕೋಡರ್‌ಗೆ ಚಂದಾ ಕಟ್ಟಿದೆ. ಕಂಪನಿ ಹೆಸರು ಬರೆಯೋದಿಲ್ಲ. ನಾನು ದೂರುವ ಗುಣ ಆಫೀಸಿನಲ್ಲಿ ಕೊಟ್ಟ ಇನ್ನೊಂದರಲ್ಲೂ ಇದೆ.

ಗೊತ್ತಿಲ್ಲದವರಿಗೆ: ಐಸಿಡಿ-10-ಸಿಎಂ ಅನ್ನೋದು ರೋಗಗಳಿಗೆ ಹಚ್ಚುವ 70 ಸಾವಿರಕ್ಕೂ ಹೆಚ್ಚು ಕೋಡ್‌ಗಳಿರುವ ದಪ್ಪ ಪುಸ್ತಕ, ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಆ ಪುಸ್ತಕವನ್ನು ಹುಡುಕುವ ಪೆಟ್ಟಿಗೆಯೊಂದರ ಹಿಂದೆ ತುಂಬಿಟ್ಟರೆ ಅದೇ ಎನ್‌ಕೋಡರ್.

ಒಳ್ಳೇದನ್ನು ಮೊದಲು ಹೇಳಬೇಕು. ವೇಗಕ್ಕೆ ಎರಡು ಮಾತಿಲ್ಲ. ಕರೆಂಟ್ ಹೋಗಿ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಓಡಿಸಿದರೂ ತಡವರಿಸಲ್ಲ. ಕ್ರಮ ತಪ್ಪಿದರೆ ಹಿಡಿಯುತ್ತದೆ. ಸೋಂಕು ರಕ್ತಕ್ಕೇರಿ ಕಿಡ್ನಿ ಕೈಕೊಟ್ಟ ಚಾರ್ಟ್‌ನಲ್ಲಿ ಆರ್65.20 (ಸೋಂಕು ಅಂಗಗಳನ್ನೇ ಕೆಡಿಸಿದೆ ಅನ್ನುವ ಕೋಡ್) ಮೊದಲು ಹಾಕಿದಿರೋ, ಕೆಂಪು ಗೆರೆ ಬಂತೇ. ಮೊದಲು ಎ41.9ರಂಥ ಸೋಂಕಿನ ಕೋಡ್, ಆಮೇಲೆ ಆರ್65.20, ಆಮೇಲೆ ಕಿಡ್ನಿಯ ಎನ್17.9. ನನ್ನ ಹುಡುಗರಿಗೆ ಈ ಸಾಲು ಬಾಯಿಪಾಠ ಆಗಿದ್ದು ನನ್ನ ಪಾಠದಿಂದಲ್ಲ, ಆ ಕೆಂಪು ಗೆರೆಯಿಂದ.

ಇನ್ನೊಂದು, ಪ್ರತಿ ಅಕ್ಟೋಬರ್ 1ಕ್ಕೆ ತಾನೇ ಹೊಸದಾಗುತ್ತದೆ. ನನ್ನ ಹತ್ತಿರ ಇದ್ದದ್ದು ಸೆಕೆಂಡ್ ಹ್ಯಾಂಡ್ 2023ರ ಪುಸ್ತಕ. ಅದರಲ್ಲಿ ಹೆರಿಗೆ ನಂತರದ ಕಿಡ್ನಿ ವೈಫಲ್ಯಕ್ಕೆ ಒ90.4 ಅಂತ ಒಂದೇ ಕೋಡ್. ಆ ವರ್ಷ ಅಕ್ಟೋಬರ್‌ನಲ್ಲಿ ಅದು ಒ90.41, ಒ90.49 ಅಂತ ಎರಡು ಕವಲಾಯಿತು. ಪುಸ್ತಕವನ್ನೇ ನಂಬಿದ್ದರೆ ಕ್ಲೇಮ್ ವಾಪಸ್ ಬರುತ್ತಿತ್ತು. ಇಲ್ಲಿ ಎನ್‌ಕೋಡರ್ ಗೆದ್ದಿತು, ಒಪ್ಪಿದೆ.

ಈಗ ಜಗಳಕ್ಕೆ ಬರೋಣ.

ಪೆಟ್ಟಿಗೆಯಲ್ಲಿ ಎಕೆಐ (ಅಕ್ಯೂಟ್ ಕಿಡ್ನಿ ಇಂಜುರಿ, ಕಿಡ್ನಿ ದಿಢೀರ್ ಕೆಡೋದು) ಅಂತ ಹೊಡೆಯಿರಿ. ಕಣ್ಣು ಮಿಟುಕಿಸುವುದರೊಳಗೆ ಎನ್17.9 ಬಂದು ಕೂರುತ್ತದೆ, ಪಕ್ಕದಲ್ಲಿ ಹಸಿರು ಟಿಕ್. ಹತ್ತಕ್ಕೆ ಎಂಟು ಸಲ ಅದೇ ಸರಿ ಇರುತ್ತದೆ, ಅದೇ ಅಪಾಯ. ಪುಸ್ತಕದಲ್ಲಿ ಎನ್17ರ ಪುಟ ತೆರೆದರೆ ಕೋಡ್‌ಗಿಂತ ಮೊದಲು ಟಿಪ್ಪಣಿ ಕಣ್ಣಿಗೆ ಬೀಳುತ್ತದೆ: ಮೂಲ ಕಾರಣವನ್ನೂ ಕೋಡ್ ಮಾಡು, ಲಿವರ್ ಕೆಟ್ಟು ಕಿಡ್ನಿ ಕೆಟ್ಟಿದ್ದರೆ ಕೆ76.7 ನೋಡು, ಆಪರೇಷನ್ ನಂತರದ್ದಾದರೆ ಎನ್99.0 ನೋಡು, ಹೆರಿಗೆಯದ್ದಾದರೆ ಒ ವಿಭಾಗಕ್ಕೆ ಹೋಗು. ಎನ್‌ಕೋಡರ್‌ನಲ್ಲಿ ಇದೆಲ್ಲ ಸಾಸಿವೆ ಕಾಳಿನಷ್ಟು ಗುರುತಿನ ಹಿಂದೆ ಅಡಗಿದೆ. ಒತ್ತಿದರೆ ತೆರೆಯುತ್ತದೆ, ನಿಜ. ಆದರೆ ದಿನದ ಚಾರ್ಟ್ ಲೆಕ್ಕ ಮುಗಿಸುವ ಅವಸರದಲ್ಲಿ ಯಾರು ಒತ್ತುತ್ತಾರೆ?

ಒಂದು ಸಂಜೆ ನಮ್ಮ ಹುಡುಗನೊಬ್ಬ ಎಕೆಐ ಅನ್ನೋದನ್ನು ಬಿಡಿಸಿ "ಕಿಡ್ನಿ ಇಂಜುರಿ" ಅಂತ ಹೊಡೆದ. ಮೇಲೆ ಬಂದದ್ದು ಎಸ್37.0, ಅಂದರೆ ಪೆಟ್ಟು ಬಿದ್ದು ಕಿಡ್ನಿಗೆ ಗಾಯ. ಚಾರ್ಟ್‌ನಲ್ಲಿದ್ದದ್ದು ವಾಂತಿಭೇದಿಯಿಂದ ಒಣಗಿಹೋದ 80 ವರ್ಷದ ಅಜ್ಜಿ. "ಅಜ್ಜಿಗೆ ಯಾರು ಹೊಡದ್ರೋ?" ಅಂದೆ. ಎಲ್ಲರೂ ನಕ್ಕರು. ಪುಸ್ತಕದ ಅಕಾರಾದಿ ಸೂಚಿಯಲ್ಲಿ "ಇಂಜುರಿ, ಕಿಡ್ನಿ" ಕೆಳಗೇ "ಅಕ್ಯೂಟ್, ಪೆಟ್ಟಿನಿಂದಲ್ಲದ್ದು" ಅಂತ ಬೇರೆ ಸಾಲಿದೆ, ಎನ್17.9. ಅಕ್ಯೂಟ್ ರೀನಲ್ "ಇನ್‌ಸಫಿಶಿಯೆನ್ಸಿ" ಅಂತ ಡಾಕ್ಟರ್ ಬರೆದರೆ ಅದೂ ಎನ್17 ಅಲ್ಲ, ಸೂಚಿ ಎನ್28.9ಕ್ಕೆ ಕಳಿಸುತ್ತದೆ. ನಮ್ಮ ಎನ್‌ಕೋಡರ್ ಮಾತ್ರ "ಇದಕ್ಕೆ ಹತ್ತಿರದ್ದು" ಅಂತ ಎನ್17.9 ತಳ್ಳುತ್ತದೆ.

ನನಗೇ ಹೊಡೆತ ಬಿದ್ದದ್ದು ಎನ್17.0ರಿಂದ. ಅದು ಎಟಿಎನ್, ಅಂದರೆ ಕಿಡ್ನಿಯ ನಳಿಕೆಗಳ ಕೋಶಗಳೇ ಸತ್ತಿರುವ ಸ್ಥಿತಿ. ಆಸ್ಪತ್ರೆಯ ಹಣದ ಲೆಕ್ಕದಲ್ಲಿ ಎನ್17.9 ಸಿಸಿ (ಜೊತೆಗಿರುವ ತೊಡಕು), ಎನ್17.0 ಎಂಸಿಸಿ (ಜೊತೆಗಿರುವ ದೊಡ್ಡ ತೊಡಕು). ಎರಡನೆಯದು ತೂಕದ್ದು, ಬಿಲ್ ಹಿಗ್ಗಬಹುದು. ಆ ಚಾರ್ಟ್‌ನಲ್ಲಿ ಮೊದಲ ದಿನ ಡಾಕ್ಟರ್ "ಎಕೆಐ, ಎಟಿಎನ್ ಇರಬಹುದು" ಅಂತ ಬರೆದಿದ್ದರು. ನಾನು ಎನ್17.9 ಹಾಕಿದೆ. ತಕ್ಷಣ ಹಳದಿ ಚೌಕ ಎದ್ದಿತು: ಇದಕ್ಕಿಂತ ನಿಖರವಾದ ಕೋಡ್ ಲಭ್ಯವಿದೆ. ರಾತ್ರಿ ಎರಡೂವರೆ ಗಂಟೆ, ಒತ್ತಿಬಿಟ್ಟೆ.

ಆಡಿಟ್‌ನಲ್ಲಿ ಸಿಕ್ಕಿತು. ರೋಗಿಯ ಕ್ರಿಯಾಟಿನಿನ್ (ಕಿಡ್ನಿ ಕೆಟ್ಟರೆ ರಕ್ತದಲ್ಲಿ ಏರುವ ಅಂಶ) 1.0 ಇದ್ದದ್ದು 1.9 ಆಗಿತ್ತು, ಸಲೈನ್ ಹಾಕಿದ ಮರುದಿನ 1.1. ಎಕೆಐ ಹೌದು: 48 ಗಂಟೆಯಲ್ಲಿ 0.3 ಏರಬೇಕು, ಇಲ್ಲವೇ 7 ದಿನದೊಳಗೆ ಒಂದೂವರೆ ಪಟ್ಟಾಗಬೇಕು, ಇದು ಕೆಡಿಗೊ ಅನ್ನುವ ಅಂತರರಾಷ್ಟ್ರೀಯ ಕಿಡ್ನಿ ಸಂಸ್ಥೆಯ 2012ರ ಮಾನದಂಡ. ಆದರೆ ಒಂದೇ ದಿನದಲ್ಲಿ ಸಲೈನ್‌ಗೆ ಇಳಿದದ್ದನ್ನು ಎಟಿಎನ್ ಅಂದರೆ ವಿಮೆಯವರು ನಂಬುವುದಿಲ್ಲ. ಅದಕ್ಕಿಂತ ದೊಡ್ಡ ತಪ್ಪು ನಿಯಮದ್ದು. ದಾಖಲಾದ ರೋಗಿಯ ವಿಷಯದಲ್ಲಿ "ಇರಬಹುದು" ಅನ್ನೋದು ಡಿಸ್ಚಾರ್ಜ್ ಹೊತ್ತಿಗೂ ಉಳಿದಿದ್ದರೆ ಮಾತ್ರ ಇದೆ ಅಂತ ಕೋಡ್ ಮಾಡಬೇಕು. ಇಲ್ಲಿ ಡಿಸ್ಚಾರ್ಜ್ ಸಮರಿಯಲ್ಲಿ ಬರೀ ಎಕೆಐ ಇತ್ತು. ಅನುಮಾನ ಬಂದರೆ ಡಾಕ್ಟರಿಗೆ ಕ್ವೆರಿ ಹಾಕಿ ಕೇಳಬೇಕಿತ್ತು, ಲ್ಯಾಬ್ ರಿಪೋರ್ಟ್ ನೋಡಿ ರೋಗ ತೀರ್ಮಾನ ಮಾಡೋ ಅಧಿಕಾರ ಕೋಡರ್‌ಗಿಲ್ಲ. ಒತ್ತಿದ ಕೈ ನನ್ನದೇ, ತಪ್ಪು ನನ್ನದೇ. ಆದರೂ ಕೇಳುತ್ತೇನೆ, ಹಣ ಹೆಚ್ಚು ಬರುವ ಕಡೆ ಏಳುವ ಹಳದಿ ಚೌಕ, ಎಂಸಿಸಿ ಹಾಕಿದಾಗ "ಆಧಾರ ನೋಡಿದೆಯಾ?" ಅಂತ ಯಾಕೆ ಏಳಲ್ಲ?

ಈ "ಮೊದಲು ಬಂದದ್ದನ್ನೇ ಒತ್ತು" ರೋಗ ಅಮೆರಿಕದ ಚಾರ್ಟ್‌ಗಷ್ಟೇ ಅಂಟಿದ್ದಲ್ಲ. ಕಳೆದ ಬೇಸಿಗೆಯಲ್ಲಿ ರೋಣ ತಾಲ್ಲೂಕಿನ ನಮ್ಮ ಸೋದರಮಾವನಿಗೆ ಭೇದಿ ಹಿಡಿಯಿತು, ಮೇಲಿಂದ ಮೈಕೈ ನೋವಿಗೆ ಗುಳಿಗೆ ನುಂಗಿದ್ದರು. ಎರಡೂ ಸೇರಿ ಕಿಡ್ನಿ ನಿಂತಿತು. ಎರಡು ಸಲ ಡಯಾಲಿಸಿಸ್ ಆಯಿತು, ಚೇತರಿಸಿಕೊಂಡರು. "ತೀವ್ರ ಮೂತ್ರಪಿಂಡ ವೈಫಲ್ಯ" ಅಂತ ಕೇಳಿದ ಅತ್ತೆ ಗೋಳೋ ಅಂತ ಅತ್ತುಬಿಟ್ಟಿದ್ದರು. ಅಕ್ಯೂಟ್‌ಗೆ "ತೀವ್ರ" ಅಂತ ಕನ್ನಡ ಮಾಡಿದವರ ಮೇಲೆ ನನಗೆ ಅಂದಿನಿಂದ ಸಿಟ್ಟಿದೆ. ಅದು ಜೋರಿನ ಮಾತಲ್ಲ, ದಿಢೀರ್ ಬಂದದ್ದು ಅಂತ ಅರ್ಥ. ದಿಢೀರ್ ಬಂದದ್ದು ಎಷ್ಟೋ ಸಲ ವಾಪಸ್ಸೂ ಹೋಗುತ್ತದೆ.

ಮನೆಗೆ ಬಂದ ಮೇಲೆ ವಿಮೆಯವರಿಂದ ಪತ್ರ: ಕಿಡ್ನಿ ಕಾಯಿಲೆ ಎಷ್ಟು ವರ್ಷದಿಂದ ಇದೆ, ಹಳೇ ಕಾಗದ ಕಳಿಸಿ. ಕ್ಲೇಮ್ ಫಾರ್ಮ್‌ನ ಬಿ ಭಾಗ ತುಂಬುವವರು ಆಸ್ಪತ್ರೆಯವರು, ಐಸಿಡಿ ಕೋಡ್ ಇರೋದು ಅಲ್ಲಿಯೇ. ತೆಗೆದು ನೋಡಿದರೆ ಎನ್18.9, ದೀರ್ಘಕಾಲದ ಕಿಡ್ನಿ ಕಾಯಿಲೆ. ಇರಬೇಕಾದದ್ದು ಎನ್17.9. ಪಾಲಿಸಿ ಮಾಡಿಸಿ ಒಂದೂವರೆ ವರ್ಷವಾಗಿತ್ತಷ್ಟೆ. ಮೊದಲೇ ಇದ್ದ ರೋಗಕ್ಕೆ ಮೂರು ವರ್ಷದವರೆಗೂ ಕಾಯಿಸಬಹುದು. ಒಂದು ಅಂಕಿ ಹೆಚ್ಚಿದ್ದಕ್ಕೆ ಇಡೀ ಬಿಲ್ ತಲೆ ಮೇಲೆ ಬೀಳುವಂತಿತ್ತು.

ಡಿಸ್ಚಾರ್ಜ್ ಸಮರಿ ಹಿಡಿದು ದಾಖಲೆ ವಿಭಾಗಕ್ಕೆ ಹೋದೆವು. ಅಲ್ಲಿನ ತಮ್ಮ ಪಾಪ, ಮುಚ್ಚಿಡಲಿಲ್ಲ. ಮೊಬೈಲ್‌ನಲ್ಲಿ "ಕಿಡ್ನಿ ಫೇಲ್" ಅಂತ ಹುಡುಕಿದ್ದೆ, "ಮ್ಯಾಲ ಬಂದಿದ್ದು ಬರದೇನ್ರೀ ಅಕ್ಕಾರ" ಅಂದ. ಡಾಕ್ಟರ್ ಸಹಿ ಮಾಡಿದ ತಿದ್ದುಪಡಿ ಪತ್ರಕ್ಕೆ ಮೂರು ಸಲ ಬಸ್ಸು ಹತ್ತಬೇಕಾಯಿತು. ದುಡ್ಡು ಬಂತು.

ನಮ್ಮ ಊರಿನ ಆಸ್ಪತ್ರೆ ಕೆಲಸಕ್ಕೆ ಈ ಎನ್‌ಕೋಡರ್ ತಗೊಳ್ಳಬೇಕೆಂದಿದ್ದರೆ ಒಂದು ಎಚ್ಚರಿಕೆ. ಇಲ್ಲಿ ನಡೆಯೋದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10, ಅಮೆರಿಕದ ಸಿಎಂ ಅಲ್ಲ. ಎನ್17.9 ಎರಡರಲ್ಲೂ ಒಂದೇ. ಆದರೆ ಕಾಯಂ ಡಯಾಲಿಸಿಸ್‌ನವರಿಗೆ ಎನ್‌ಕೋಡರ್ ತೋರಿಸುವ ಎನ್18.6 ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಇಲ್ಲವೇ ಇಲ್ಲ, ಅಲ್ಲಿ ಎನ್18.5ಕ್ಕೇ ನಿಲ್ಲಬೇಕು.

ಚಂದಾ ಮುಂದಿನ ತಿಂಗಳು ಮುಗಿಯುತ್ತದೆ, ಮತ್ತೆ ಕಟ್ಟುತ್ತೇನೆ. ಪುಸ್ತಕದ ಎನ್ ವಿಭಾಗ ಕಿತ್ತು ಬಂದಿತ್ತು, ಧಾರವಾಡಕ್ಕೆ ಹೋದಾಗ ಹೊಲಿಸಿಕೊಂಡು ಬಂದಿದ್ದೇನೆ. ಒ90.41, ಒ90.49 ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿದೆ. ಅಂದಹಾಗೆ ಆ ಹಳದಿ ಚೌಕವನ್ನು ನಿಲ್ಲಿಸಬಹುದು. ಸೆಟ್ಟಿಂಗ್ಸ್‌ನ ಕಟ್ಟಕಡೆಯ ಪುಟದಲ್ಲಿ, ಅಕ್ಷರದ ಗಾತ್ರ ಬದಲಿಸುವ ಆಯ್ಕೆಯ ಕೆಳಗಿದೆ. ನನಗೆ ಸಿಗಲಿಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು.