ಎರಡು ವರ್ಷ ಬಳಸಿದ ಮೇಲೆ: ಹಿಟ್ಟು ತೊಳೆಯಲು ಹೇಳಿದ ಎಐ ಆ್ಯಪ್

ನನ್ನದು ಮಂಡ್ಯ ಕಡೆ ಒಂದು ಡಿಟಿಪಿ ಅಂಗಡಿ. ಅರ್ಜಿ, ಬಾಡಿಗೆ ಕರಾರು, ಗೃಹಪ್ರವೇಶದ ಕಾರ್ಡು ಟೈಪ್ ಮಾಡುವುದು ಕೆಲಸ. ಈ ಚಾಟ್ ಆ್ಯಪ್ ಬಳಸಲು ಶುರು ಮಾಡಿ ಎರಡು ವರ್ಷ ಆಯಿತು, ಅದರಲ್ಲಿ ಒಂದು ವರ್ಷ ದುಡ್ಡು ಕಟ್ಟಿ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ.

ಬ್ಯಾಂಕಿನ ಇಂಗ್ಲಿಷ್ ಪತ್ರ ಹಿಡಿದುಕೊಂಡು ಯಾರಾದರೂ ಬಂದರೆ, ಅದರಲ್ಲಿ ಏನಿದೆ ಅಂತ ಕನ್ನಡದಲ್ಲಿ ಥಟ್ಟನೆ ಹೇಳುತ್ತದೆ. ಅರ್ಜಿಯ ಒಕ್ಕಣೆಯೂ ಚೆನ್ನಾಗಿದೆ. ಸರ್ವೆ ನಂಬರ್, ಮೊತ್ತ ಮಾತ್ರ ನಾನೇ ಇನ್ನೊಂದು ಸಲ ನೋಡುತ್ತೇನೆ.

ಎಡವುವುದು ಮನೆಮಾತಿನಲ್ಲಿ. ಒಂದು ದಿನ ಸುಮ್ನೆ ಕೇಳಿದೆ: 'ಹಿಟ್ಟು ತೊಳಸೋದು ಹೇಗೆ?' ನಮ್ಮ ಕಡೆ ಹಿಟ್ಟು ಅಂದರೆ ರಾಗಿಮುದ್ದೆ, ತೊಳಸೋದು ಅಂದರೆ ಕೋಲಿನಿಂದ ಗಂಟಿಲ್ಲದ ಹಾಗೆ ತಿರುವುವುದು. ಆ್ಯಪ್ ಗಂಭೀರವಾಗಿ ಉತ್ತರ ಕೊಟ್ಟಿತು: ಹಿಟ್ಟನ್ನು ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು ನೀರು ಬಸಿಯಿರಿ! ಅಮ್ಮನಿಗೆ ಓದಿ ಹೇಳಿದೆ. 'ಹಂಗ್ ತೊಳುದ್ರೆ ಎಲ್ಲ ಬಚ್ಚಲ್ಗೇ ಹೋಯ್ತದೆ ಕಣಪ್ಪ' ಅಂದಳು.

ಇದು ಹಳೇ ಕಾಯಿಲೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ತಂಡ 2010ರಲ್ಲಿ 'ನೆಲ್' ಅನ್ನುವ ಪ್ರೋಗ್ರಾಂ ಓಡಿಸಿತು. ಹಗಲು ರಾತ್ರಿ ಇಂಟರ್‌ನೆಟ್ ಓದಿ ತಾನೇ ಕಲಿಯುವುದು ಅದರ ಕೆಲಸ. ಇಂಟರ್‌ನೆಟ್ ಕುಕಿ ಅಂದರೆ ವೆಬ್‌ಸೈಟುಗಳು ನಮ್ಮ ಕಂಪ್ಯೂಟರ್‌ನಲ್ಲಿ ಇಟ್ಟುಹೋಗುವ ಚಿಕ್ಕ ಮಾಹಿತಿ; ಬಿಸ್ಕತ್ತಿಗೂ ಇಂಗ್ಲಿಷಿನಲ್ಲಿ ಕುಕಿ ಅಂತಲೇ ಹೆಸರು. ಹಾಗಾಗಿ ಇಂಟರ್‌ನೆಟ್ ಕುಕಿಯನ್ನೂ ಅದು ಬೇಕರಿ ತಿಂಡಿ ಅಂದುಕೊಂಡಿತು. 'ಕುಕಿ ಡಿಲೀಟ್ ಮಾಡಿದೆ', 'ಫೈಲ್ ಡಿಲೀಟ್ ಮಾಡಿದೆ' ಎರಡೂ ಒಂದೇ ತರ ಕಂಡು, ಕೊನೆಗೆ ಫೈಲೂ ತಿಂಡಿಯಾಯಿತು! ಮನುಷ್ಯರೇ ಕೂತು ತಿದ್ದಬೇಕಾಯಿತು. ಇವತ್ತಿನ ಆ್ಯಪ್‌ಗಳು ಕಲಿಯುವ ರೀತಿ ಬೇರೆ. ಆದರೂ ಓದದೇ ಇದ್ದದ್ದು ಎಲ್ಲಿಂದ ಬರಬೇಕು?

ಕನ್ನಡದಲ್ಲಿ ಅದಕ್ಕೆ ಓದಲು ಸಿಕ್ಕಿರುವುದೇ ಕಡಿಮೆ. ನನ್ನ ಕಂಪ್ಯೂಟರ್‌ನಲ್ಲೇ ನೋಡಿ, ಹಳೇ ಫೈಲುಗಳೆಲ್ಲ ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಕಾಲದ ಆಸ್ಕಿ ಫಾಂಟಿನಲ್ಲಿವೆ. ಪರದೆಯ ಮೇಲೆ ಮುದ್ದಾದ ಕನ್ನಡ. ಕಾಪಿ ಮಾಡಿ ಆ್ಯಪ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆ ಮೇಲೆ ಗೀಟಿರುವ ಎ. ಒಳಗೆ ಕೂತಿರುವುದು ಅವೇ, ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿದೆ ಅಷ್ಟೇ. ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಕೊಡುವ ಯೂನಿಕೋಡ್‌ಗೆ ಬದಲಾಯಿಸದಿದ್ದರೆ ಕಂಪ್ಯೂಟರ್‌ಗೆ ಅದು ಕನ್ನಡವೇ ಅಲ್ಲ. ಹೀಗೆ ಎಷ್ಟು ಸ್ಮರಣ ಸಂಚಿಕೆ, ಸುತ್ತೋಲೆ ಹಾಗೇ ಬಿದ್ದಿವೆಯೋ! ಓದಿಸದೆ ಬೈದರೆ ಹೇಗೆ, ಅಲ್ವಾ?

'ರಾಗಿಮುದ್ದೆ ಮಾಡುವ ವಿಧಾನ' ಅಂತ ಕೇಳಿದರೆ ಸರಿಯಾಗಿಯೇ ಹೇಳುತ್ತದೆ. ಮುಂದಿನ ತಿಂಗಳೂ ದುಡ್ಡು ಕಟ್ಟುತ್ತೇನೆ. ಹಳೇ ಫೈಲುಗಳನ್ನು ಬಿಡುವಾದಾಗ ಒಂದೊಂದಾಗಿ ಕನ್ವರ್ಟರ್‌ಗೆ ಹಾಕುತ್ತಿದ್ದೇನೆ. ಅರ್ಕಾವತ್ತು ಬಂದ ಕಡೆ ಕೈಯಿಂದಲೇ ತಿದ್ದಬೇಕು, ಅದೇ ಜಾಸ್ತಿ ಕೆಲಸ.